ವೈನಿ ಗೋಡೆಗೆ ಹಾಕಿದ ಕ್ಯಾಮೆರಾ

ಹೋದ ವಾರ ನಮ್ಮ ಹಿಂಬಾಗಿಲು ರಿಪೇರಿ ಮಾಡಲು ಒಬ್ಬ ಮುದುಕ ಬಡಿಗ ಬಂದಿದ್ದ. ಈಗಿನವರ ಹಾಗೆ ಅಂಗಡಿಯ ಬಿಳಿ ಅಂಟು ತಂದಿರಲಿಲ್ಲ. ಹಿತ್ತಲಲ್ಲಿ ಕಲ್ಲು ಹೂಡಿ, ಬೆಂಕಿ ಮಾಡಿ, ತಗಡಿನ ಡಬ್ಬಿಯಲ್ಲಿ ಸರೇಸು ಕಾಸಲಿಕ್ಕೆ ಇಟ್ಟ. ತೊಗಲು ಎಲುಬು ಕುದಿಸಿ ಮಾಡುವ ಆ ಅಂಟಿನ ವಾಸನೆ ಯಾರಿಗೂ ಸೇರುವಂಥದ್ದಲ್ಲ. ಸೊಸೆ ಮೂಗಿಗೆ ಸೆರಗು ಹಿಡಿದುಕೊಂಡು ಕಿಟಕಿ ಮುಚ್ಚಿದಳು. ನಾನು ಮಾತ್ರ ಕಟ್ಟೆಯ ಮೇಲೆ ಕೂತೇ ಇದ್ದೆ. ಆ ವಾಸನೆಯ ಬೆನ್ನ ಹಿಂದೆಯೇ ಇನ್ನೊಂದು ಬಂತು... ಹಳೆಯ ಚರ್ಮದ್ದು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯದು. ಹುಬ್ಬಳ್ಳಿಯ ಒಂದು ಪಡಸಾಲೆ, ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ವೈನಿ.

ವೈನಿ ಯಾವ ಲೆಕ್ಕದಿಂದಲೂ ನನಗೆ ಅತ್ತಿಗೆ ಅಲ್ಲ. ನಾವು ಬಾಡಿಗೆಗಿದ್ದ ಮನೆಯ ಒಡತಿ. ಮನೆಗೆ ಬಂದ ಮೊದಲ ದಿನವೇ "ಅಕ್ಕಾ ಗಿಕ್ಕಾ ಅನಬ್ಯಾಡವ್ವಾ, ವೈನಿ ಅನ್ನು, ಸಾಕು" ಅಂದಿದ್ದರು. ಹಾಗಾಗಿ ಕೊನೆಯವರೆಗೂ ವೈನಿಯೇ ಆದರು. ನಾನು ಸತ್ತೂರಿನವಳು. ಯಜಮಾನರು ರೇಲ್ವೆಯಲ್ಲಿ ಕಾರಕೂನರು. ಮದುವೆಯಾದ ಮೇಲೆ ಹುಬ್ಬಳ್ಳಿಗೆ ಬಂದು, ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಆ ಮನೆಯ ಹಿಂಭಾಗ ಹಿಡಿದೆವು. ಆಗಿನ್ನೂ ದೊಡ್ಡ ಯುದ್ಧ ಸುರುವಾಗಿರಲಿಲ್ಲ.

ವೈನಿಯ ಗಂಡ ಫೋಟೋ ತೆಗೆಯುತ್ತಿದ್ದರು. ಓಣಿಯವರೆಲ್ಲ ಅವರನ್ನು ಫೋಟೋದವರು ಅಂತಲೇ ಕರೆಯುವುದು. ಅವರ ಸ್ಟುಡಿಯೋ ಇದ್ದದ್ದು ಮನೆಯ ಮಾಳಿಗೆಯ ಮೇಲೆ. ಉತ್ತರದ ಕಡೆಗೆ ಗಾಜಿನ ಛಾವಣಿ ಹಾಕಿಸಿ, ಒಳಗೆ ಅರಮನೆಯ ಮೆಟ್ಟಿಲು, ಕೊಳ, ಹಂಸ ಬರೆದ ಪರದೆ ಇಳಿಬಿಟ್ಟಿದ್ದರು. ಹತ್ತಿ ವ್ಯಾಪಾರಿಗಳು, ಪೈಲವಾನರು, ಹೊಸದಾಗಿ ಮದುವೆಯಾದವರು ಬಂದು ಆ ಕೊಳದ ಮುಂದೆ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ಬಂದ ದಿನ ವೈನಿಯೂ ಮೇಲೆ ಹೋಗುವರು. ನಿರಿಗೆ ಸರಿಮಾಡುವುದು, ಕೊರಳಿನ ಟೀಕಿ ತಿರುಗಿಸಿ ಹಾಕುವುದು, ಬೆವರು ಒರೆಸುವುದು, "ಉಸರ ಹಿಡೀಬ್ಯಾಡ, ಆರಾಮ ನಿಂದರು" ಅಂತ ಧೈರ್ಯ ಹೇಳುವುದು ಅವರ ಕೆಲಸ.

ಕ್ಯಾಮೆರಾ ಅಂದರೆ ಈಗಿನಂತೆ ಕೈಯಲ್ಲಿ ಹಿಡಿಯುವುದಲ್ಲ. ಸಾಗವಾನಿ ಪೆಟ್ಟಿಗೆ, ಹಿತ್ತಾಳೆಯ ಕಣ್ಣು, ನಡುವೆ ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಕೆಂಪು ಚರ್ಮ. ಹಿಂದಿನ ಬದಿಗೆ ಒಂದು ಮಸಕು ಗಾಜು. ಕರಿ ಅರಿವೆ ಹೊದ್ದುಕೊಂಡು ನೋಡಿದರೆ ಎದುರಿಗೆ ನಿಂತವರು ಆ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವರು. ಅದು ಸ್ಪಷ್ಟವಾಗುವ ತನಕ ಹಿಂದೆ ಮುಂದೆ ಸರಿಸಿ, ಆಮೇಲೆ ಚಿತ್ರ ಮೂಡುವ ಗಾಜಿನ ಪ್ಲೇಟು ಹಾಕಿ, ರಬ್ಬರಿನ ಗುಂಡು ಒತ್ತಿದರೆ ಫೋಟೋ.

ಅವರಿಗೆ ಒಬ್ಬಳೇ ಮಗಳು. ನಾನು ಹೋದಾಗ ಇನ್ನೂ ತೊದಲುತ್ತಿದ್ದಳು. ಮುಂದೆ ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನಲು ಕಲಿತಳು. ತುಸು ದೊಡ್ಡವಳಾದ ಮೇಲೆ ಅವಳಿಗೂ ಸ್ಟುಡಿಯೋದಲ್ಲಿ ಒಂದು ಕೆಲಸ ಹತ್ತಿತು. ಗಿರಾಕಿ ಬರುವ ಮುಂಚೆ ಕ್ಯಾಮೆರಾ ಹದ ಮಾಡಿಕೊಳ್ಳಲು ಪರದೆಯ ಮುಂದೆ ಯಾರಾದರೂ ನಿಲ್ಲಬೇಕಲ್ಲ, ಅದಕ್ಕೆ ಅಪ್ಪ ಅವಳನ್ನು ನಿಲ್ಲಿಸುತ್ತಿದ್ದರು. ಅವಳಿಗೆ ಅದು ದೊಡ್ಡ ಆಟ. ಕೈಕಟ್ಟಿಕೊಂಡು, ಗದ್ದ ಎತ್ತಿ, ಕಂಬದ ಹಾಗೆ ನಿಲ್ಲುವಳು. "ಅಪ್ಪಾ, ತಲಿಕೆಳಗ ಆದ್ನಾ?" ಅಂತ ಕೇಳುವಳು. ಕರಿ ಅರಿವೆಯ ಒಳಗಿಂದ "ಆದಿ, ಆದಿ" ಅಂತ ಉತ್ತರ. ನಗುವಳು. ಆಮೇಲೆ ಗಿರಾಕಿ ಬಂದು ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುವರು.

ಹೀಗೆ ದಿನವೂ ಕ್ಯಾಮೆರಾದ ಎದುರಿಗೆ ನಿಂತರೂ ಆ ಹುಡುಗಿಯದು ಒಂದೂ ಫೋಟೋ ಇರಲಿಲ್ಲ.

ವೈನಿ ಆಗಾಗ ಕೇಳುತ್ತಿದ್ದರು. ನನ್ನ ಮುಂದೆಯೇ ಎಷ್ಟೋ ಸಲ ಕೇಳಿದ್ದಾರೆ. ಫೋಟೋದವರು ಕೆಟ್ಟವರಲ್ಲ, ಜಿಪುಣರೂ ಅಲ್ಲ. ಆದರೆ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಒಂದಿಷ್ಟು ಮಸುಕಾದ ಫೋಟೋವನ್ನೂ ಗಿರಾಕಿಗೆ ಕೊಡುತ್ತಿರಲಿಲ್ಲ, ಮತ್ತೆ ಕರೆಸುತ್ತಿದ್ದರು. ಮಗಳ ಫೋಟೋ ಅಂದರೆ ಎಲ್ಲಕ್ಕಿಂತ ಛಲೋ ಆಗಬೇಕು ಅಂತ ಅವರ ಮನಸ್ಸಿನಲ್ಲಿ. ಒಮ್ಮೆ ಬೆಳಕು ಸರಿ ಇಲ್ಲ ಅನ್ನುವರು. ಒಮ್ಮೆ ಪರದೆ ಹಳೇದಾತು, ಹೊಸಾದು ಬರೆಸಿ ತಗೀತೇನಿ ಅನ್ನುವರು. ಯುದ್ಧ ಸುರುವಾದ ಮೇಲೆ ಮುಂಬೈಯಿಂದ ಪ್ಲೇಟು ಬರುವುದೇ ಕಡಿಮೆಯಾಯಿತು. ಆಗ ಗಿರಾಕಿಗೆ ಸಾಲದು ಅನ್ನುವ ಮಾತು ಬಂತು.

"ದೀಪಾವಳಿಗೆ ಹೊಸಾ ಪರಕಾರ ಪೋಲಕಾ ಹೊಲಸೂಣು. ಆವಾಗ ತಗೀತೇನಿ, ಖರೇ," ಅಂದರು ಒಂದು ದಿನ.

"ಪ್ರತಿ ವರ್ಷ ದೀಪಾವಳಿ ಬರತೈತ್ರಿ," ಅಂದರು ವೈನಿ.

"ಮನ್ಯಾಗಿನ ಕೂಸು. ಎಲ್ಲೆ ಹೋಗತೈತಿ?"

ಅದು ಸಾದಾ ಮಾತು. ಯಾರಾದರೂ ಹಾಗೆಯೇ ಅನ್ನುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗಿಗೆ ವಿಷಮಜ್ವರ ಬಂತು. ನಮ್ಮ ಓಣಿಯಲ್ಲಿ ಹಲವರ ಮನೆಗಳಲ್ಲಿ ಬಂದಿತ್ತು, ಕೆಲವರು ಎದ್ದರು. ಅವಳು ಏಳಲಿಲ್ಲ. ಒಂದು ಬೆಳಗಿನ ಜಾವಕ್ಕೆ ಹೋದಳು.

ಅವರದು ವೀರಶೈವರ ಮನೆ. ಹೋದವರನ್ನು ಕೂಡಿಸುತ್ತಾರೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ ಕೂಡಿಸಿದ್ದರು. ದೀಪಾವಳಿಗೆಂದು ಹೊಲಿಸಿದ ಪರಕಾರವನ್ನೇ ಉಡಿಸಿದ್ದರು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಕೊನೆಯ ಫೋಟೋ ತೆಗೆಯಲು ಹೋಗುತ್ತಿದ್ದವರು ಫೋಟೋದವರೇ. ಹಾಗಾಗಿ ಬಂದ ಹಿರಿಯರೊಬ್ಬರು ಮೆಲ್ಲಗೆ, "ಒಂದು ಫೋಟೋ ಅಂತ..." ಅಂದರು. ಫೋಟೋದವರು ಕೇಳಿಸಿಕೊಳ್ಳಲಿಲ್ಲವೋ ಏನೋ, ಕಂಬಕ್ಕೆ ಒರಗಿ ಕೂತೇ ಇದ್ದರು.

"ತಗೀರಿ," ಅಂದರು ವೈನಿ. ಅವರು ಅಳುತ್ತಿರಲಿಲ್ಲ. "ಇವತ್ತರ ತಗೀರಿ. ಇನ್ನ ಯಾವಾಗ ತಗೀತೀರಿ?"

ಫೋಟೋದವರು ಎದ್ದರು. ಮೇಲಿನಿಂದ ಕ್ಯಾಮೆರಾ ತಂದರು. ಬಾಗಿಲಿಂದ ಬೆಳಕು ಬೀಳುವ ಜಾಗ ನೋಡಿ ಮೂರು ಕಾಲಿನ ಸ್ಟ್ಯಾಂಡು ಊರಿದರು. ಎಲ್ಲ ಎಂದಿನ ಹಾಗೆಯೇ ಮಾಡಿದರು. ಕರಿ ಅರಿವೆ ಹೊದ್ದುಕೊಂಡು ಬಗ್ಗಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಅವರ ಬೆನ್ನು ಅಲುಗಿದ್ದು ಕಂಡಿತು. ಆಮೇಲೆ ಸ್ಟ್ಯಾಂಡಿನ ಒಂದು ಕಾಲು ಜಾರಿತು. ಕ್ಯಾಮೆರಾ ಕಲ್ಲಿನ ನೆಲಕ್ಕೆ ಬಿತ್ತು. ಹಿಂದಿನ ಗಾಜು ಸೀಳಿತು, ಪೆಟ್ಟಿಗೆಯ ಮೂಲೆ ಬಿಚ್ಚಿತು, ತಿದಿ ಹರಿಯಿತು. ಕಾಲು ಜಾರಿತು ಅಂತಲೇ ಎಲ್ಲರೂ ಅಂದರು. ಬೇರೆ ಸ್ಟುಡಿಯೋದಿಂದ ಯಾರನ್ನಾದರೂ ಕರೆಸೋಣವೇ ಅಂತ ಒಬ್ಬರು ಕೇಳಿದರು. ಅಷ್ಟು ಹೊತ್ತು ಇರಲಿಲ್ಲ. ಮಧ್ಯಾಹ್ನಕ್ಕೆ ಮಣ್ಣು ಮಾಡಿ ಬಂದರು.

ಸಂಜೆ ನಾನು ನೆಲ ಸಾರಿಸಲು ಹೋದಾಗ ವೈನಿ ಕ್ಯಾಮೆರಾದ ಚೂರುಗಳನ್ನು ಆಯ್ದು ಬುಟ್ಟಿಗೆ ಹಾಕುತ್ತಿದ್ದರು. ಸಣ್ಣ ತಿರುಪು ಕೂಡ ಬಿಡಲಿಲ್ಲ. ಬುಟ್ಟಿಯನ್ನು ಅಟ್ಟದ ಮೇಲಿಟ್ಟರು.

ಅಂದಿನಿಂದ ಅವರಿಬ್ಬರ ಮಾತು ನಿಂತಿತು. ಜಗಳವಿಲ್ಲ, ಕೂಗಾಟವಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಸ್ನಾನದ ನೀರು. ಬೇಕಾದ ಮಾತು ನನ್ನ ಮೂಲಕ. "ಊಟಕ್ಕ ಬರಬೇಕಂತ ಹೇಳವ್ವಾ," ಅನ್ನುವರು ವೈನಿ, ಗಂಡ ಎರಡು ಮಾರು ದೂರದಲ್ಲಿ ಕೂತಿದ್ದರೂ. ನಾನು ಹೇಳುವೆ, ಅವರು ಏಳುವರು. ಸ್ಟುಡಿಯೋ ತುಸು ದಿನ ಮುಚ್ಚಿ ಮತ್ತೆ ತೆರೆಯಿತು. ಸಣ್ಣದೊಂದು ಕ್ಯಾಮೆರಾ ಇತ್ತು, ಅದರಲ್ಲೇ ನಡೆಸಿದರು. ಸಾವಿನ ಮನೆಗೆ ಹೋಗುವುದು ಬಿಟ್ಟರು. ಮಕ್ಕಳ ಫೋಟೋ ತೆಗೆಯುವುದನ್ನೂ ಬಿಟ್ಟರು. ವೈನಿ ಮಾಳಿಗೆ ಹತ್ತುವುದನ್ನೇ ಬಿಟ್ಟರು.

ವೈನಿಗೆ ಕೌದಿ ಹೊಲಿಯುವ ಅಭ್ಯಾಸವಿತ್ತು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ನೆಲದ ಮೇಲೆ ಹರವಿಕೊಂಡು, ಯಾವ ಬಣ್ಣದ ಮಗ್ಗುಲಿಗೆ ಯಾವುದು ಅಂತ ನೋಡುತ್ತ ಮಧ್ಯಾಹ್ನಗಳನ್ನು ಕಳೆಯುತ್ತಿದ್ದರು. ವರ್ಷದ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಒಳಗೆ ಹೋದರೆ, ನೆಲದ ಮೇಲೆ ಬಟ್ಟೆಯ ತುಂಡುಗಳ ಬದಲಿಗೆ ಕ್ಯಾಮೆರಾದ ತುಂಡುಗಳಿದ್ದವು. ಕೌದಿಗೆ ಜೋಡಿಸುವ ಹಾಗೆಯೇ ಜೋಡಿಸಿ ನೋಡುತ್ತಿದ್ದರು. ಪಕ್ಕದಲ್ಲಿ ಒಂದು ಹಲಗೆ, ಒಲೆಯ ಮೇಲೆ ಸರೇಸು. ಮನೆಯೆಲ್ಲ ನಾರುತ್ತಿತ್ತು.

"ಏನ್ ಮಾಡಾಕತ್ತೀರಿ ವೈನಿ?"

"ಸುಮ್ನ ಬಿದ್ದಾವು. ಎತ್ತಿಡೂಣಂತ."

ಎತ್ತಿಡುವವರು ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ಹೊಳೆಯುವ ತನಕ ತಿಕ್ಕುವುದಿಲ್ಲ. ಅವರು ತಿಕ್ಕಿದರು. ಫೋಟೋದವರು ಹೊದ್ದುಕೊಳ್ಳುತ್ತಿದ್ದ ಕರಿ ಅರಿವೆಯನ್ನು ಹಲಗೆಗೆ ಬಿಗಿದರು. ಅದರ ಅಂಚಿಗೆಲ್ಲ ಕಸೂತಿ ಹಾಕಿದರು, ಚಂದ್ರಕಾಳಿ ಸೀರೆಗೆ ಹಾಕುವಂತೆ, ಸಣ್ಣ ಸಣ್ಣ ಗೋಪುರ, ತುಳಸಿಕಟ್ಟೆ, ಗಿಳಿ. ಹರಿದ ತಿದಿಯನ್ನು ಒಂದು ಬದಿಗೆ ಕತ್ತರಿಸಿ ಬೀಸಣಿಗೆಯಂತೆ ಬಿಚ್ಚಿ ಅಂಟಿಸಿದಾಗ ಅದರ ಕೆಂಪು ಮಡಿಕೆಗಳು ಹೂವಿನ ಎಸಳಿನಂತೆ ಹರಡಿದವು. ಹಿತ್ತಾಳೆಯ ಕಣ್ಣು ಕೆಳಗೆ, ತಿರುಪುಗಳು ಸುತ್ತಲೂ ಚಿಕ್ಕಿಗಳಂತೆ. ನಡುವೆ, ಎಸಳುಗಳ ಒಳಗೆ, ಆ ಮಸಕು ಗಾಜು. ಸೀಳಿದ್ದನ್ನು ಹಾಗೇ ಕೂಡಿಸಿ, ಮರದ ಪಟ್ಟಿ ಕೊಟ್ಟು ನಿಲ್ಲಿಸಿದ್ದರು.

ಅದನ್ನು ಮುಗಿಸಲು ಎಷ್ಟು ದಿನ ಹಿಡಿಯಿತೋ ನೆನಪಿಲ್ಲ. ಗಂಡ ಮಾಳಿಗೆಯಲ್ಲಿದ್ದ ಹೊತ್ತಿನಲ್ಲಿ ಮಾತ್ರ ಮಾಡುತ್ತಿದ್ದರು. ಗಾಜು ಕೂಡಿಸುವ ದಿನ ಹಲಗೆ ಹಿಡಿದುಕೊಳ್ಳಲು ನನ್ನನ್ನು ಕರೆದರು. ಆಗ ಹೇಳಿದರು:

"ಅಕಿ ದಿನಾ ಇದರ ಮ್ಯಾಲ ನಿಂತಿರತಿದ್ಲಲ್ಲ. ಒಂದ ಸಲ ನನಗೂ ಅರಿವಿ ಹೊಚ್ಚಿ ತೋರ್ಸಿದ್ರು. ಇಷ್ಟ ಇದ್ಲು." ಬೊಗಸೆ ಕೈಯಿಂದ ಅಳತೆ ತೋರಿಸಿದರು. "ಪ್ಲೇಟಿನ್ಯಾಗ ಬರಲಿಲ್ಲ. ಇದರಾಗರ ಬಂದಿದ್ಲು."

ಪಡಸಾಲೆಯ ಗೋಡೆಯಲ್ಲಿ ಮಾವನ, ಅತ್ತೆಯ, ಮದುವೆಯ ಫೋಟೋಗಳ ಸಾಲಿತ್ತು. ಸಾಲಿನ ಕೊನೆಯಲ್ಲಿ ಒಂದು ಗೂಟ ಖಾಲಿ. ಅದು ಯಾರಿಗೆಂದು ಹೊಡೆದದ್ದು ಅಂತ ಮನೆಯವರಿಗೆಲ್ಲ ಗೊತ್ತು. ವೈನಿ ಅದಕ್ಕೇ ತೂಗುಹಾಕಿದರು.

ಮಧ್ಯಾಹ್ನ ಊಟಕ್ಕೆ ಇಳಿದು ಬಂದ ಫೋಟೋದವರು ಗೋಡೆಯ ಮುಂದೆ ನಿಂತರು. ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಅವರು ಏನಾದರೂ ಅನ್ನುವರು, ಕಿತ್ತು ಬಿಸಾಡುವರು ಅಂತ ನನಗೆ ಅಂಜಿಕೆ. ಏನೂ ಆಗಲಿಲ್ಲ. ಗಾಜಿನ ಹತ್ತಿರ ಮುಖ ತಂದು ನೋಡಿದರು. ಉಂಡರು, ಮೇಲೆ ಹೋದರು.

ಮರುದಿನ ಮಧ್ಯಾಹ್ನ ಕೆಳಗೆ ಬಂದವರ ಕೈಯಲ್ಲಿ ಇನ್ನೊಂದು ಹಳೆಯ ಕ್ಯಾಮೆರಾ ಇತ್ತು. ಅವರು ಕಸುಬು ಕಲಿತ ಕಾಲದ್ದು, ಗೆದ್ದಲು ತಿಂದದ್ದು. ವೈನಿಯ ಮುಂದೆ ನೆಲದ ಮೇಲೆ ಇಟ್ಟರು. ವೈನಿ ಮುಟ್ಟಲಿಲ್ಲ, ನೋಡಲೂ ಇಲ್ಲ, ಕೌದಿ ಹೊಲಿಯುತ್ತಿದ್ದರು. ಫೋಟೋದವರೇ ಕೂತು ಒಂದೊಂದಾಗಿ ತಿರುಪು ಬಿಚ್ಚತೊಡಗಿದರು. ನಾನು ಜೋಳ ಹಸನು ಮಾಡುತ್ತಿದ್ದೆ. ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯದೆ ಕೂತಿದ್ದೆ.

"ಅವತ್ತ ಅದು ತಾನ ಬೀಳಲಿಲ್ಲ," ಅಂದರು ಫೋಟೋದವರು, ತಲೆ ಎತ್ತದೆ. "ನಾನ ದಬ್ಬಿದೆ."

"ಗೊತ್ತೈತ್ರಿ," ಅಂದರು ವೈನಿ.

"ಗಾಜಿನ ಮ್ಯಾಲ ಬಂದ್ಲು. ದಿನಾ ಬರೂಹಂಗ ತಲಿಕೆಳಗ. ದಿನಾ ನಗತಿದ್ಲು, ಅವತ್ತ ನಗಲಿಲ್ಲ. ಗುಂಡು ಕೈಯಾಗ ಹಿಡ್ದಿದ್ದೆ. ಒತ್ತಿದ್ರ ಅದೊಂದ ಫೋಟೋ ಅಕ್ಕಿತ್ತು... ಅಕಿ ಅಂದ್ರ ಅದ ಆಗಿಬಿಡತಿತ್ತು. ನನ್ನ ಕೈಲೆ ಆಗಲಿಲ್ಲ."

ವೈನಿ ಸೂಜಿಗೆ ದಾರ ಪೋಣಿಸಲು ನೋಡಿದರು. ಆಗಲಿಲ್ಲ, ಮತ್ತೆ ನೋಡಿದರು.

"ಅದನ್ನ ಅವತ್ತ ಹೇಳಬೇಕಿತ್ರಿ."

"ಹೇಳಾಕ ಬಂದಿದ್ರ ಯಾಕ ದಬ್ಬತಿದ್ದೆ?"

ಅವರು ಮತ್ತೆ ತಿರುಪು ಬಿಚ್ಚತೊಡಗಿದರು. ಬಿಚ್ಚಿದವನ್ನು ತಾಟಿಗೆ ಹಾಕಿದರು. ತಾಟು ತುಂಬುತ್ತ ಬಂದಾಗ ವೈನಿ ಕೌದಿ ಪಕ್ಕಕ್ಕೆ ಸರಿಸಿ, "ಆ ಬಳಿ ಇತ್ತ ಕೊಡ್ರಿ, ತಿಕ್ಕತೇನಿ," ಅಂದರು. ವರ್ಷದ ಮೇಲೆ ಗಂಡನನ್ನು ತಾವಾಗಿ ಏನಾದರೂ ಕೇಳಿದ್ದು ಅದೇ ಮೊದಲು. ಅವರು ಕ್ಯಾಮೆರಾ ಕಣ್ಣಿನ ಹಿತ್ತಾಳೆಯ ಬಳೆಯನ್ನು ಕೈಯಿಂದ ಕೈಗೆ ಕೊಟ್ಟರು. ನಾನು ಮೊರ ತೆಗೆದುಕೊಂಡು ಎದ್ದು ಬಂದೆ.

ಹೀಗೆ ಅದು ಅವರ ಮಧ್ಯಾಹ್ನದ ಉದ್ಯೋಗವಾಯಿತು. ಅವರು ಬಿಚ್ಚುವುದು, ಇವರು ಜೋಡಿಸುವುದು. ಎರಡನೆಯದು ನವಿಲಾಯಿತು. ತಿದಿಯೇ ಗರಿ, ಸಣ್ಣ ಮಸೂರಗಳು ಅದರ ಕಣ್ಣು. ಆ ನಂತರದವು ಇನ್ನೂ ಉಲ್ಲಾಸದವು, ಸೂರ್ಯನಂತೆ, ಬಾಳೆಗೊನೆಯಂತೆ. ಜಗಳವೂ ಸುರುವಾಯಿತು. ಫೋಟೋದವರಿಗೆ ಎಡಕ್ಕೆ ಇದ್ದದ್ದು ಬಲಕ್ಕೂ ಇರಬೇಕು. ವೈನಿ, "ಎಲ್ಲಾ ತುಂಬಬ್ಯಾಡ್ರಿ, ಇಷ್ಟ ಜಾಗಾ ಹಂಗ ಇರಲಿ," ಅನ್ನುವರು. ಆ ಜಗಳ ಕೇಳಲು ನನಗೆ ಹಿತವಾಗಿತ್ತು.

ಫೋಟೋ ತೆಗೆಸಲು ಬಂದ ಅಮರಗೋಳದ ಕಡೆಯ ಹತ್ತಿ ವ್ಯಾಪಾರಿಯೊಬ್ಬರು ಪಡಸಾಲೆಯಲ್ಲಿ ಕಾಯುತ್ತ ಗೋಡೆ ನೋಡಿದರು. ನವಿಲನ್ನು ಬಿಟ್ಟು ಅವರ ಕಣ್ಣು ಮೊದಲನೆಯದರ ಮೇಲೆ ಬಿತ್ತು. ನಡುವಿನ ಗಾಜನ್ನು ಬಗ್ಗಿ ನೋಡಿ, "ಇದರಾಗ ಏನೂ ಕಾಣಸೂದಿಲ್ಲಲ್ಲವ್ವಾ?" ಅಂದರು.

"ಹೌದ್ರಿ, ಏನೂ ಕಾಣಸೂದಿಲ್ಲ," ಅಂದರು ವೈನಿ. "ನೋಡಾಕ ಒಂದ ಜಾಗಾ ಬೇಕಲ್ರಿ."

ವ್ಯಾಪಾರಿಗೆ ವಿಷಯ ಯಾರೋ ಹೇಳಿದ್ದಿರಬೇಕು, ಅಥವಾ ಅವರ ಮನೆಯಲ್ಲಿಯೂ ಏನೋ ಇದ್ದಿರಬೇಕು. ಮತ್ತೆ ಅದರ ಸುದ್ದಿ ತೆಗೆಯಲಿಲ್ಲ. ನವಿಲನ್ನು ತಮ್ಮ ಅಂಗಡಿಗೆ ಕೇಳಿ ಒಯ್ದರು. ಅಲ್ಲಿ ನೋಡಿದವರು ಬಂದು ಕೇಳಿದರು. ಬೇರೆ ಸ್ಟುಡಿಯೋದವರು ಕೆಟ್ಟುಹೋದ ತಮ್ಮ ಕ್ಯಾಮೆರಾಗಳನ್ನು ತಂದುಹಾಕತೊಡಗಿದರು. ಗದಗಿನಿಂದಲೂ ಒಂದು ಬಂದಿತ್ತು. ಮೊದಲನೆಯದನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಯುದ್ಧದ ಕೊನೆಯ ಹೊತ್ತಿಗೆ ನನಗೆ ಗಂಡುಮಗು ಹುಟ್ಟಿತು. ತವರಿನಿಂದ ಕೂಸು ಎತ್ತಿಕೊಂಡು ಬಂದ ದಿನವೇ ವೈನಿ ನನ್ನ ತೋಳು ಹಿಡಿದು ಮಾಳಿಗೆಯ ಮೆಟ್ಟಿಲಿಗೆ ನಡೆಸಿದರು. ಮಗಳು ಹೋದ ಮೇಲೆ ಅವರು ಮೇಲೆ ಹತ್ತಿದ್ದು ಅದೇ ಮೊದಲು. ಹೊರಗೆ ಮೋಡ ಕವಿದಿತ್ತು.

"ಈ ಕೂಸಿಂದು ಫೋಟೋ ತಗೀರಿ," ಅಂದರು ಗಂಡನಿಗೆ.

ಫೋಟೋದವರು ಗಾಜಿನ ಛಾವಣಿಯ ಕಡೆ ನೋಡಿದರು. "ಬೆಳಕು..." ಅಂತ ಸುರು ಮಾಡಿದವರು ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಹ್ಯಾಂಗಿದ್ರೂ ತಗೀರಿ," ಅಂದರು ವೈನಿ.

ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೊಳದ ಪರದೆಯ ಮುಂದೆ ಕೂತೆ. ಹದ ಮಾಡಿಕೊಳ್ಳಲು ಅವರು ಬಗ್ಗಿದರು. ಎದ್ದರು, ಮತ್ತೆ ಬಗ್ಗಿದರು. ವೈನಿ ಹೋಗಿ ಅವರ ಮಗ್ಗುಲಿಗೆ ನಿಂತರು, ಅಷ್ಟೇ. ಗುಂಡು ಒತ್ತುವ ಹೊತ್ತಿಗೆ ಕೂಸು ಕೈಕಾಲು ಬಡಿಯಿತು. ಫೋಟೋದಲ್ಲಿ ನಾನು ಸ್ಪಷ್ಟವಾಗಿ ಬಂದಿದ್ದೇನೆ. ಮಗನ ಮುಖ ಇರುವಲ್ಲಿ ಒಂದು ಬಿಳಿಯ ಮೋಡವಿದೆ. ಹಿಂದಿನ ಕಾಲವಾಗಿದ್ದರೆ ಅವರು ಅದನ್ನು ಒಡೆದು ಹಾಕಿ ಮತ್ತೆ ಕರೆಸುತ್ತಿದ್ದರು. ಆವತ್ತು ತಾವೇ ಕಟ್ಟುಹಾಕಿಸಿ ತಂದುಕೊಟ್ಟರು. "ಮಸಕ ಆಗೇತಿ. ಇರಲಿ, ಇದ್ದಂಗ ಐತಿ," ಅಂದರು. ಅಲ್ಲಿಂದ ಮುಂದೆ ಓಣಿಯ ಮಕ್ಕಳ ಫೋಟೋ ತೆಗೆದರು. ಅಲುಗಾಡಿದವುಗಳನ್ನೂ ಕೊಟ್ಟರು.

ನಮಗೆ ವರ್ಗವಾಯಿತು. ಒಂದೆರಡು ವರ್ಷ ಸುದ್ದಿ ಬರುತ್ತಿತ್ತು, ಆಮೇಲೆ ನಿಂತಿತು. ಫೋಟೋದವರು ಮೊದಲು ಹೋದರಂತೆ, ವೈನಿ ಬಹಳ ದಿನ ಇರಲಿಲ್ಲವಂತೆ. ಯಾವುದೋ ಮದುವೆಗೆ ಹುಬ್ಬಳ್ಳಿಗೆ ಹೋದಾಗ ಆ ಓಣಿಗೂ ಹೋಗಿದ್ದೆ. ಮನೆ ಕೆಡವಿ ಬೇರೆ ಕಟ್ಟಡ ಎಬ್ಬಿಸಿದ್ದರು. ಕೆಳಗೆ ಬಟ್ಟೆಯ ಅಂಗಡಿ. ಅಂಗಡಿಯ ಹುಡುಗನಿಗೆ ಹಿಂದಿನವರ ಹೆಸರೂ ಗೊತ್ತಿರಲಿಲ್ಲ. ಗೋಡೆಯ ಸಾಮಾನು ಸಂಬಂಧಿಕರು ಹಂಚಿಕೊಂಡರೋ, ಗುಜರಿಗೆ ಹೋಯಿತೋ... ಯಾರನ್ನು ಕೇಳುವುದು. ಒಂದು ರವಿಕೆ ಕಣ ತೆಗೆದುಕೊಂಡು ಹೊರಬಿದ್ದೆ.

ನನಗೆ ಈಗ ಎಂಬತ್ತರ ಹತ್ತಿರ. ಹುಡುಗಿ ಹೋದ ದಿನ ಪಡಸಾಲೆಯಲ್ಲಿದ್ದವರಲ್ಲಿ ಉಳಿದಿರುವುದು ಬಹುಶಃ ನಾನೊಬ್ಬಳೇ. ಅಂದರೆ ಆ ಹುಡುಗಿಯನ್ನು ಕಣ್ಣಾರೆ ಕಂಡವಳೂ ನಾನೊಬ್ಬಳೇ. ಈ ವಾರವೆಲ್ಲ ಅವಳ ಮುಖ ನೆನೆಯಲು ನೋಡುತ್ತಿದ್ದೇನೆ. ಕಟ್ಟಿದ ಕೈ ಬರುತ್ತದೆ, ಎತ್ತಿದ ಗದ್ದ ಬರುತ್ತದೆ. ಕಾಕು ಅಂತ ಕರೆಯುತ್ತಿದ್ದ ದನಿಯೂ ಬರುತ್ತದೆ.

ಮುಖ ಬರುವುದಿಲ್ಲ.